ಬೋರಣ್ಣನ ಬಿಳಿ ಗ್ರೀಸು

ಬೋರಣ್ಣ ಕಾರಿನ ಏರ್ ಫಿಲ್ಟರಿನ ಹಿಂದಿನ ಪೈಪಿನೊಳಗೆ ಬೆರಳಾಡಿಸಿ ಹೊರಗೆ ತೆಗೆದ. ಬೆಳಿಗ್ಗೆ ಸವರಿದ್ದ ಗ್ರೀಸು ಇನ್ನೂ ಬೆಣ್ಣೆಯ ಹಾಗೆ ಬೆಳ್ಳಗಿತ್ತು. ಅದನ್ನು ಪೇಪರಿಗೆ ಒರೆಸಿದ. ಪಕ್ಕದಲ್ಲೇ ನಿನ್ನೆಯ ಗ್ರೀಸಿತ್ತು, ಇಟ್ಟಿಗೆಪುಡಿ ಕಲಸಿದಂತೆ ಕೆಂಪಗೆ.

"ಎರಡು ದಿನಾನೂ ಅರಕಲಗೂಡಿಂದ ಹೊಳೆನರಸೀಪುರಕ್ಕೆ ಓಗಿ ಬಂದಿದ್ದು ನೀವೇ ಸಾ. ಅದೇ ರೋಡು, ಅದೇ ಧೂಳು. ನಿನ್ನೆ ಆಕಿದ್ದು ನೀವು ಬೆಂಗಳೂರಿಂದ ತಂದ ಫಿಲ್ಟ್ರು, ಇವತ್ತು ಕಾರಿನ ಜೊತೇಲೇ ಬಂದಿದ್ದು. ಓಗಿ ಬರೋಕೆ ಟೈಮು ಎಷ್ಟೆಷ್ಟು ಇಡೀತು?"

"ಎರಡು ದಿನಾನೂ ಅಷ್ಟೇ," ಎಂದ ಕಾರಿನ ಮಾಲೀಕ ಪ್ರದ್ಯುಮ್ನ. ಇಡೀ ಹಾಸನಕ್ಕೇ ಇದೊಂದೇ ಎಂದು ಅವನು ಹೇಳಿಕೊಳ್ಳುತ್ತಿದ್ದ ಹಳದಿ ಸ್ಪೋರ್ಟ್ಸ್ ಕಾರು ಅದು. "ಹೊಸ ಫಿಲ್ಟರಲ್ಲಿ ಸೌಂಡು ಮಾತ್ರ ಜೋರಿತ್ತು."

"ಗಾಳಿ ಜಾಸ್ತಿ ಎಳ್ಕೊಂಡ್ರೆ ಸಾಲ್ದು ಸಾ, ಧೂಳು ಬಿಟ್ಟು ಎಳ್ಕೋಬೇಕು. ಉಳೋ ಟ್ರ್ಯಾಕ್ಟರು ದಿನವೆಲ್ಲ ಧೂಳಲ್ಲೇ ಇರ್ತದೆ. ಫಿಲ್ಟ್ರು ದಾಟಿದ ಧೂಳು ಗ್ರೀಸಿಗೆ ಅಂಟ್ಕೊತದೆ, ಮೂವತ್ತು ವರ್ಷದಿಂದ ಇಂಗೇ ಗ್ರೀಸು ಸವರಿ ನೋಡ್ತಿವ್ನಿ. ನನ್ನ ಕೈಯಾಗೆ ಒಂದು ಇಂಜಿನ್ನೂ ಧೂಳು ತಿಂದು ಸತ್ತಿಲ್ಲ."

ಮೊನ್ನೆ ಇದೇ ಪ್ರದ್ಯುಮ್ನ, "ಟ್ರ್ಯಾಕ್ಟರ್ ಮೆಕ್ಯಾನಿಕ್ಕು ನೀನು, ಕೈ ತೊಳ್ಕೊಂಡು ಕಾರು ಮುಟ್ಟು," ಎಂದಿದ್ದ. ಬೋರಣ್ಣ ಸೋಪು ಹಾಕಿ ಎರಡು ಸಲ ಕೈ ತೊಳೆದಿದ್ದ. ಈಗ ಪ್ರದ್ಯುಮ್ನ ಕೀ ಚಾಚಿದ.

"ಒಂದು ರೌಂಡು ನೀವೇ ಓಡಿಸಿ ನೋಡಿ, ಬೋರಣ್ಣೋರೆ."

"ಕೈಯೆಲ್ಲ ಗ್ರೀಸು ಕಣ್ ಸಾ."

"ಇರ್ಲಿ ಬಿಡಿ."

ಬೋರಣ್ಣ ಸೀಟು ಹಿಂದಕ್ಕೆ ಸರಿಸಿ, ಬೆನ್ನು ನೆಟ್ಟಗೆ ಮಾಡಿ ಕೂತ. ಕೈ ಒರೆಸುವ ಬಟ್ಟೆ ಹೆಗಲ ಮೇಲೇ ಇತ್ತು. ಅದನ್ನು ಮುಟ್ಟದೆ, ಹಾಗೇ ಸ್ಟೀರಿಂಗ್ ಹಿಡಿದ.