ಒಣಗುವ ತನಕ

ಕೆಂಪು ಜಾಜಿನ ಮಣ್ಣು ಕಲಸಿದ ವಾಸನೆ ಬಂದರೆ ನನಗೆ ಈಗಲೂ ಸಿಟ್ಟೇ ಬರುತ್ತದೆ.

ಅವತ್ತು ಮಧ್ಯಾಹ್ನ ನ್ಯಾಲ್ಕಲ್‌ನ ನಮ್ಮ ಅಂಗಳದಲ್ಲಿ ನಮ್ಮಜ್ಜ, ಮುತ್ಯಾ, ಕುರಿಗಳ ಬೆನ್ನಿಗೆ ಜಾಜಿನಿಂದ ನಮ್ಮ ಗುರುತು ಹಚ್ಚುತ್ತಿದ್ದ. ನಾನು ಪೆನ್ಸಿಲಿನಲ್ಲಿ ಬರೆದ ಕುರಿಗಳನ್ನು ಕಿವಿ ನೋಡಿಯೇ ನಮ್ಮ ಹಿಂಡಿನ ಯಾವ ಕುರಿಯೆಂದು ಹೇಳುತ್ತಿದ್ದವನು ಅವನು. ಅಪ್ಪ ಜಹೀರಾಬಾದಿನಿಂದ ತಂದ ಬಣ್ಣದ ಡಬ್ಬಿ ಬಿಚ್ಚಿ ಅಂಥದೇ ಐದು ಕುರಿಗಳ ಚಿತ್ರಕ್ಕೆ ಬಣ್ಣ ತುಂಬಿದೆ. ಹಸಿ ಕರಿ ಬಣ್ಣ ಹರಿದು ಐದೂ ಕುರಿ ಒಂದೇ ಗುಡ್ಡೆಯಾದವು. ಸಿಟ್ಟಿಗೆ ಮತ್ತೆ ಮತ್ತೆ ಬಳಿದೆ, ಹಾಳೆಯೇ ತೂತಾಯಿತು.

ಮುತ್ಯಾ ಬಗ್ಗಿ ನೋಡಿದ. “ಏನವ್ವಾ, ಬಣ್ಣ ಹಚ್ಚಿದ ಕುರೀನ ಒಣಗೂತನಕ ಹಿಂಡಿಗೆ ಬಿಡ್ತೀವೇನು?”

ಡಬ್ಬಿ ಎತ್ತಿ ಒಗೆದೆ. ಗುರುತು ಹಚ್ಚಿದ ಕುರಿಯ ಕಿವಿ ಹಿಡಿದು, ಒಣಗುವ ತನಕ ಬಿಸಿಲಲ್ಲಿ ಬೇರೆ ನಿಲ್ಲಿಸಿಕೊಳ್ಳುವ ಕೆಲಸ ಮೊದಲಿನಿಂದಲೂ ನನ್ನದೇ ಆಗಿತ್ತು.