ಹಗ್ಗ ಹಿಡಿದ ಅಜ್ಜಿಯ ಕೈ

ತೆಂಗಿನ ನಾರಿನ ಹಗ್ಗದ ವಾಸನೆ ಬಂದರೆ ಇಂದಿಗೂ ನನ್ನ ಅಂಗೈ ಬೆವರುತ್ತದೆ. ಮುಂಬೈನ ಪರೇಲ್‌ನಲ್ಲಿದ್ದ ನಮ್ಮ ಚಾಳಿನ ಕಡಿದಾದ ಮರದ ಮೆಟ್ಟಿಲಿಗೆ ಆಸರೆಯಾಗಿ ಅಂಥದೊಂದು ಹಗ್ಗ ಇಳಿಬಿಟ್ಟಿದ್ದರು. ಬಟ್ಟೆ ಗಿರಣಿಯ ಸೈರನ್ನು, ಭೋಂಗಾ, ಕೂಗಿದ ಒಂದು ಮಧ್ಯಾಹ್ನ, ಅದನ್ನು ಹಿಡಿದು ಇಳಿಯುತ್ತಿದ್ದ ಅಜ್ಜಿಯ ಬೆರಳುಗಳು ನನ್ನ ಕಣ್ಣೆದುರೇ ಸಡಿಲಾದವು. ಅವಳು ಧೊಪ್ಪನೆ ಮೆಟ್ಟಿಲ ಮೇಲೆ ಕುಳಿತಳು. ಗಾಬರಿಯಿಂದ ಅವ್ವನನ್ನು ಕೂಗಲು ಬಾಯಿ ತೆರೆದೆ.

"ಒದರಬ್ಯಾಡ. ಕೈಯಾಗ ಕಸುವಿಲ್ಲಂತ ಗೊತ್ತಾದ್ರ ನಿಮ್ಮವ್ವ ನನ್ನ ಖೋಲಿ ದಾಟಿ ಹೊರಗ ಬಿಡಂಗಿಲ್ಲ," ಅಂದಳು ಅಜ್ಜಿ. "ನೀ ಮುಂದ ನಡಿ. ನಿನ್ನ ಹೆಗಲ ಸಾಕು ನನಗ."

ಹೆಗಲ ಮೇಲಿದ್ದ ಆ ಕೈ ಎಲ್ಲಿ ಜಾರುವುದೋ ಎಂದು ಒಂದೊಂದೇ ಮೆಟ್ಟಿಲು ಇಳಿದೆ.

ಕೆಳಗೆ ನಲ್ಲಿಯ ಬಳಿ ಅವ್ವ ಕೇಳಿದಳು, "ಯಾಕ ಇಷ್ಟ ಹೊತ್ತಾತು?"

"ಹುಡುಗಿ ಅಂಜಿತ್ತವಾ," ಅಂದಳು ಅಜ್ಜಿ. "ಕೈ ಹಿಡದು ಇಳಿಸಿದೆ."

ನಾನು ಹೌದೆಂದು ತಲೆಯಾಡಿಸಿದೆ.