ಕಾಲಿಗೆ ತಗುಲಿದ ಚೆಂಡು

ಚೆಂಡು ಬಿಂದುಶ್ರೀಯ ಬ್ಯಾಟಿಗೆ ಸಿಕ್ಕಿದ್ದೇನೋ ನಿಜ. ಆದರೆ ಹಾರಲಿಲ್ಲ, ನಂಜನಗೂಡಿನ ಸಾಫ್ಟ್‌ಬಾಲ್ ಮೈದಾನದಲ್ಲಿ ಧೂಳೆಬ್ಬಿಸುತ್ತ ಉರುಳಿತು. ಅವಳು ಎದ್ದೆನೋ ಬಿದ್ದೆನೋ ಎಂದು ಮೊದಲ ಬೇಸಿಗೆ ಓಡಿದಳು. ಚೆಂಡಿಗೇನು, ಯಾರ ಕಷ್ಟ ಅದಕ್ಕೆ ಗೊತ್ತು? ಫೀಲ್ಡರ್ ಕೈಯಿಂದ ಹೊರಟು ಅವಳಿಗಿಂತ ಮೊದಲೇ ಬೇಸ್ ತಲುಪಿತು, ಅವಳು ಔಟ್. ಟಿ. ನರಸೀಪುರದ ಹುಡುಗಿಯರು ಕೇಕೆ ಹಾಕಿದರು.

ಬಿಂದುವಿಗೆ ಅಳು ಒತ್ತರಿಸಿಕೊಂಡು ಬಂತು. ಪಂದ್ಯದ ಚಿಂತೆಯಲ್ಲ, ಅದನ್ನು ಅವಳ ನಂಜನಗೂಡು ತಂಡ ಆಗಲೇ ಗೆದ್ದಂತೆಯೇ ಇತ್ತು. "ಒಂದೇ ಒಂದು ಹಿಟ್ ಹೊಡಿ, ಜಿಲ್ಲಾ ಟೀಮ್‌ಗೆ ನಿನ್ ಹೆಸ್ರು ಗ್ಯಾರಂಟಿ" ಎಂದು ಪಿ.ಟಿ. ಮಾಸ್ತರು ಪ್ರೇಮ್‌ಕುಮಾರ್ ಬೆಳಿಗ್ಗೆ ಹೇಳಿದ್ದರು. ಇದೇ ಅವಳ ಕಡೆಯ ಸರದಿ. ಗೆಳತಿ ಪವಿತ್ರಳ ಹೆಸರು ಮಾತ್ರ ಆಗಲೇ ಪಕ್ಕಾ ಆಗಿತ್ತು.

ಅಷ್ಟರಲ್ಲಿ, ಎರಡನೇ ಬೇಸಿನಿಂದ ಮೂರನೆಯದಕ್ಕೆ ಓಡುತ್ತಿದ್ದ ಆ ಪವಿತ್ರ ನಡುದಾರಿಯಲ್ಲೇ ನಿಂತು, ಕಬಡ್ಡಿಯಲ್ಲಿ ಔಟಾದವರಂತೆ ಕೈ ಎತ್ತಿದಳು.

"ಸಾ, ಬಾಲು ನನ್ ಕಾಲಿಗ್ ತಗುಲ್ತು."

"ನಿನ್ನ ಕೇಳ್ದೋರ್ಯಾರೇ?" ಪ್ರೇಮ್‌ಕುಮಾರ್ ತಲೆ ತಲೆ ಚಚ್ಚಿಕೊಂಡರು. "ಇದೇನ್ ಕಬಡ್ಡಿಯಾ, ನೀನೇ ಕೈ ಎತ್ತೋಕೆ?"

ಅಂಪೈರ್ ರವಿಚಂದ್ರ ಆ ಧೂಳಿನಲ್ಲಿ ಏನನ್ನೂ ಕಂಡಂತಿರಲಿಲ್ಲ. ಆದರೆ ತಾನೇ ಔಟಾಗಲೆಂದು ಸುಳ್ಳು ಹೇಳುವವರು ಯಾರಿದ್ದಾರೆ? "ಫೀಲ್ಡರ್ ಮುಟ್ಟೋದಕ್ ಮುಂಚೆ ಚೆಂಡು ಓಡೋರಿಗೆ ತಗುಲಿದ್ರೆ, ಓಡೋರು ಔಟ್. ಆಟ ಅಲ್ಲಿಗೇ ನಿಂತೋಯ್ತು, ಆಮೇಲ್ ಎಸೆದಿದ್ದು ಲೆಕ್ಕಕ್ಕಿಲ್ಲ. ಹೊಡೆದೋಳಿಗೆ ಮೊದಲ್ನೇ ಬೇಸ್, ಅವಳ ಹೆಸ್ರಿಗೆ ಒಂದ್ ಹಿಟ್" ಎಂದರು. ಮುಂದಿದ್ದವಳು ಔಟಾದ ಖುಷಿಯಲ್ಲಿ ನರಸೀಪುರದವರೂ ತಕರಾರು ತೆಗೆಯಲಿಲ್ಲ.

ಮೊದಲ ಬೇಸಿನ ಮೇಲೆ ನಿಂತ ಬಿಂದುವಿಗೆ ಸ್ವರ್ಗಕ್ಕೆ ಮೂರೇ ಗೇಣು. ಪಂದ್ಯ ಗೆದ್ದು ಮುಗಿದದ್ದೇ ತಡ, ಗಾಡಿಯವನ ಹತ್ತಿರ ಓಡಿ ಒಂದು ಐಸ್‌ಕ್ಯಾಂಡಿ ತಂದು, ಬೇವಿನ ಮರದಡಿ ಕೂತಿದ್ದ ಪವಿತ್ರಳ ಕಾಲ ಬಳಿ ಕುಕ್ಕರಿಸಿದಳು.

"ನನ್ನಿಂದ ನಿಂಗ್ ಏಟಾಯ್ತಲ್ಲೇ. ತೋರ್ಸು, ಐಸ್ ಇಡ್ತೀನಿ."

ಸಾಕ್ಸ್ ಇಳಿಸಿ ನೋಡಿದಳು. ಬಾವಿಲ್ಲ, ಕೆಂಪಿಲ್ಲ. ಇನ್ನೊಂದು ಕಾಲನ್ನೂ ನೋಡಿದಳು.

"ಎಲ್ಲೇ ಬಿತ್ತು ಏಟು?"

ಪವಿತ್ರ ಐಸ್‌ಕ್ಯಾಂಡಿ ಕಿತ್ತುಕೊಂಡು ಬಾಯಿಗಿಟ್ಟಳು.

"ಕರಗೋಯ್ತದೆ ಕಣೇ. ಜಿಲ್ಲಾ ಟೀಮ್ ಬಸ್ಸಲ್ಲಿ ನಾನೊಬ್ಳೇ ಕೂತ್ಕಂಡ್ ಓಗ್ಲಾ?"